ಏಕಶಿಲೆಯ ಮುಂದೆ ಎಚ್‌ಬಿ ಪೆನ್ಸಿಲ್ಲು

ಚಿತ್ರ ಬರೆಯುವುದನ್ನು ಕಲಿಯುವವರಲ್ಲಿ, ಅವರ ಕೈಯಲ್ಲಿರುವ ವೇಳೆಯನ್ನೇ ಅಳತೆಗೋಲಾಗಿಟ್ಟುಕೊಂಡು ನೋಡಿದರೆ, ಮೂರು ವರ್ಗಗಳು ಕಾಣುತ್ತವೆ: ವೇಳೆಯೆಂಬುದೊಂದಿದೆ ಎಂದೇ ಅರಿಯದ ಮಕ್ಕಳು, ವೇಳೆಯನ್ನೆಲ್ಲ ಅದಕ್ಕೇ ಮುಡಿಪಿಟ್ಟ ಕಲಾಶಾಲೆಯ ವಿದ್ಯಾರ್ಥಿಗಳು, ಮತ್ತು ರಾತ್ರಿ ಊಟಕ್ಕೆ ಮೊದಲು ಸಿಗುವ ಅರ್ಧ ಗಂಟೆಯನ್ನು, ಕರೆಂಟು ಹೋಗದಿದ್ದರೆ, ನೆಂಟರು ಬಾರದಿದ್ದರೆ, ಮಕ್ಕಳ ಲೆಕ್ಕದ ಹೋಂವರ್ಕು ಬೇಗ ಮುಗಿದರೆ ಎಂಬ ಷರತ್ತುಗಳಿಗೊಳಪಟ್ಟು ಕಲೆಗೆ ಅರ್ಪಿಸುವ ವಯಸ್ಕ ಹವ್ಯಾಸಿಗಳು. ಮೊದಲೆರಡು ವರ್ಗಗಳ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಮೂರನೆಯದರ ಬಗ್ಗೆ, ಅದರಲ್ಲೂ ರಾಯಚರ್ಲು ಎನ್ನಿಸಿಕೊಳ್ಳುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಆ ವರ್ಗದ ಜೀವನಕ್ರಮದ ಬಗ್ಗೆ, ಗಂಭೀರವಾದ ವಿವೇಚನೆ ನಡೆದಂತಿಲ್ಲ. ಆ ಕೊರತೆಯನ್ನು ತುಂಬಲು ಈ ಬರಹ ಹವಣಿಸುತ್ತದೆಯೇ ಹೊರತು, ಓದಿದವರಿಗೆ ಚಿತ್ರ ಬಂದೀತೆಂಬ ಭರವಸೆಯನ್ನೇನೂ ಕೊಡುವುದಿಲ್ಲ.

ಹಿಂದಿನವರಿಗೆ ವೇಳೆ ಧಾರಾಳವಾಗಿತ್ತೆಂಬುದಕ್ಕೆ ಗ್ರಂಥಾಧಾರವೇ ಇದೆ. ವಾತ್ಸ್ಯಾಯನನ ಕಾಮಸೂತ್ರವು ನಾಗರಕನ, ಎಂದರೆ ಪಟ್ಟಣದಲ್ಲಿ ಅನುಕೂಲವಾಗಿ ಬಾಳುವ ರಸಿಕ ಗೃಹಸ್ಥನ, ಕೋಣೆಯನ್ನು ವರ್ಣಿಸುವಾಗ ಗೂಟಕ್ಕೆ ತೂಗುಹಾಕಿದ ವೀಣೆಯ ಜೊತೆಗೆ ಚಿತ್ರ ಬರೆಯುವ ಹಲಗೆಯನ್ನೂ ಬಣ್ಣದ ಕಡ್ಡಿಗಳ ಕರಡಿಗೆಯನ್ನೂ ಮರೆಯದೆ ಹೇಳುತ್ತದೆ. ಅದೇ ಗ್ರಂಥ ಅವನ ದಿನಚರಿಯನ್ನೂ ಕೊಡುವುದರಿಂದ, ಊಟವಾದ ಮೇಲೆ ಗಿಳಿಗೆ ಮಾತು ಕಲಿಸುವುದು, ಕೋಳಿ-ಟಗರುಗಳ ಕಾಳಗ ನೋಡುವುದು, ಹಗಲುನಿದ್ದೆ ಮಾಡುವುದು, ಎದ್ದು ಅಲಂಕರಿಸಿಕೊಂಡು ಗೋಷ್ಠಿಗೆ ಹೋಗುವುದು, ಇಷ್ಟರಲ್ಲೇ ಅವನ ಹೊತ್ತು ಮುಳುಗುತ್ತಿತ್ತೆಂದು ತಿಳಿದುಬರುತ್ತದೆ. ಇಷ್ಟು ಬಿಡುವಿದ್ದವನು ಚಿತ್ರ ಬರೆದದ್ದು ದೊಡ್ಡ ಸಾಧನೆಯಲ್ಲ. ಬರೆಯದಿದ್ದರೆ ಅವನನ್ನು ವಿಚಾರಿಸಿಕೊಳ್ಳಬೇಕಾಗಿತ್ತು. ನಾಗರಕನ ಇಂದಿನ ಉತ್ತರಾಧಿಕಾರಿಗಳಾದ, ಮಧುಗಿರಿಯಿಂದ ತುಮಕೂರಿಗೆ ದಿನವೂ 40 ಕಿ.ಮೀ. ಮೀರಿದ ದಾರಿಯನ್ನು ಬಸ್ಸಿನಲ್ಲಿ ಸವೆಸುವ ನೌಕರನಿಗಾಗಲಿ, ಅಂಗಡಿಯ ಬಾಗಿಲೆಳೆಯುವ ಹೊತ್ತಿಗೆ ರಾತ್ರಿ ಒಂಬತ್ತಾಗುವ ಶಿರಾದ ವರ್ತಕನಿಗಾಗಲಿ, ಪಾಠ, ಬಿಸಿಯೂಟ, ಗಣತಿ, ಚುನಾವಣೆಗಳನ್ನು ಏಕಕಾಲಕ್ಕೆ ನಿಭಾಯಿಸುವ ಕೊರಟಗೆರೆ ಕಡೆಯ ಹಳ್ಳಿಶಾಲೆಯ ಶಿಕ್ಷಕಿಗಾಗಲಿ ಗಿಳಿಗೆ ಮಾತು ಕಲಿಸುವ ಯೋಗವಿಲ್ಲ.

ಇದೇ ಕಾಮಸೂತ್ರಕ್ಕೆ ಯಶೋಧರನೆಂಬ ವಿದ್ವಾಂಸನು ಬರೆದ ‘ಜಯಮಂಗಲಾ’ ಎಂಬ ವ್ಯಾಖ್ಯಾನದಲ್ಲಿ ಚಿತ್ರಕಲೆಯ ಆರು ಅಂಗಗಳು, ಎಂದರೆ ಷಡಂಗ, ನಿರೂಪಿತವಾಗಿವೆ. (ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿಯುವ, ಹರಿಯುವುದಕ್ಕಿಂತ ಹೆಚ್ಚಾಗಿ ಮರಳಾಗಿ ಮಲಗಿರುವ ನದಿಗೂ ಜಯಮಂಗಲಿ ಎಂದೇ ಹೆಸರಿರುವುದರಿಂದ ಈ ಸೀಮೆಗೂ ಚಿತ್ರಶಾಸ್ತ್ರಕ್ಕೂ ಪ್ರಾಚೀನ ನಂಟಿತ್ತೆಂದು ವಾದಿಸುವ ಆಸೆ ಯಾರಿಗಾದರೂ ಹುಟ್ಟಬಹುದು, ಸ್ಥಳಾಭಿಮಾನದ ಬರಹಗಳಲ್ಲಿ ಇದಕ್ಕಿಂತ ತೆಳುವಾದ ಆಧಾರಗಳ ಮೇಲೆ ಸಾಕಷ್ಟು ದಪ್ಪನಾದ ಗ್ರಂಥಗಳು ಬಂದಿವೆ.) ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬ ಈ ಆರರಲ್ಲಿ ಪ್ರಮಾಣವೆಂದರೆ ಅಳತೆ, ಸಾದೃಶ್ಯವೆಂದರೆ ಹೋಲಿಕೆ, ಹವ್ಯಾಸಿಯ ಮೊದಲ ಕೆಲವು ವರ್ಷಗಳು ಈ ಎರಡರಲ್ಲೇ ಕಳೆದುಹೋಗುವುದರಿಂದ ಲಾವಣ್ಯದ ಮಾತನ್ನು ಇಲ್ಲಿ ಎತ್ತದಿರುವುದೇ ಕ್ಷೇಮ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಸೇರಿರುವ ಚಿತ್ರಸೂತ್ರದ ಪ್ರಕರಣವಂತೂ ಇನ್ನೂ ನಿಷ್ಠುರವಾದದ್ದು. ಅಲ್ಲಿ ಮೂರ್ತಿ ಮಾಡುವ ವಿದ್ಯೆಯನ್ನು ಹೇಳಿಕೊಡಬೇಕೆಂದು ಕೇಳಿದ ವಜ್ರನೆಂಬ ರಾಜನಿಗೆ ಮಾರ್ಕಂಡೇಯ ಮುನಿಯು, ಮೂರ್ತಿಗೆ ಮೊದಲು ಚಿತ್ರ ಗೊತ್ತಿರಬೇಕು, ಚಿತ್ರಕ್ಕೆ ಮೊದಲು ನೃತ್ಯ, ನೃತ್ಯಕ್ಕೆ ಮೊದಲು ವಾದ್ಯ, ವಾದ್ಯಕ್ಕೆ ಮೊದಲು ಗೀತ ಎಂದು ಹಿಂದಹಿಂದಕ್ಕೆ ಅಟ್ಟುತ್ತಾ ಹೋಗುತ್ತಾನೆ. ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಶಿರಾದ ವರ್ತಕನು ಒಂದು ಹೂಜಿಯ ಚಿತ್ರ ಬರೆಯುವ ಮುನ್ನ ಸರಳೆ ವರಸೆಯಿಂದ ಆರಂಭಿಸಿ, ಮೃದಂಗವನ್ನು ಹಾದು, ಕಾಲಿಗೆ ಗೆಜ್ಜೆ ಕಟ್ಟಬೇಕಾಗುತ್ತದೆ. ಮನೆಯವರು ಇದಕ್ಕೆ ಒಪ್ಪುವ ಸಂಭವ ಕಡಿಮೆ.

ಶಾಸ್ತ್ರ ಹಾಗಿರಲಿ, ವ್ಯವಹಾರದಲ್ಲಿ ಕಲಿಕೆಯ ಮೊದಲ ಹಂತವೆಂದರೆ ಸಾಮಗ್ರಿಸಂಗ್ರಹ, ಮತ್ತು ಅನೇಕರ ವಿಷಯದಲ್ಲಿ ಕೊನೆಯ ಹಂತವೂ ಅದೇ. ಪೆನ್ಸಿಲ್ಲಿನ ಒಳಗಿರುವ ಕಡ್ಡಿ ಗ್ರಾಫೈಟು ಎಂಬ ಖನಿಜದ ಪುಡಿ ಮತ್ತು ಜೇಡಿಮಣ್ಣುಗಳ ಬೆರಕೆಯೆಂದೂ, ಈ ಬೆರಕೆಯ ವಿಧಾನಕ್ಕೆ ಫ್ರಾನ್ಸಿನ ಕಾಂಟೆ ಎಂಬಾತ 1795ರಲ್ಲಿ ಹಕ್ಕುಪತ್ರ ಪಡೆದನೆಂದೂ, ಜೇಡಿ ಹೆಚ್ಚಾದಷ್ಟೂ ಕಡ್ಡಿ ಗಟ್ಟಿಯಾಗಿ ಗೆರೆ ಮಸುಕಾಗುವುದನ್ನು ಎಚ್ ಅಕ್ಷರದಿಂದಲೂ, ಗ್ರಾಫೈಟು ಹೆಚ್ಚಾದಷ್ಟೂ ಕಡ್ಡಿ ಮೆದುವಾಗಿ ಗೆರೆ ಕಪ್ಪಾಗುವುದನ್ನು ಬಿ ಅಕ್ಷರದಿಂದಲೂ ಸೂಚಿಸುತ್ತಾರೆಂದೂ ತಿಳಿದ ಕೂಡಲೇ ಹವ್ಯಾಸಿಗೆ 6ಎಚ್‌ನಿಂದ 8ಬಿವರೆಗಿನ ಎಲ್ಲವೂ ತನ್ನ ಬಳಿ ಇರಬೇಕೆನ್ನಿಸುತ್ತದೆ. ಎಚ್‌ಬಿ ಪೆನ್ಸಿಲ್ಲು ಈ ಸೀಮೆಯ ಸಣ್ಣಪುಟ್ಟ ಅಂಗಡಿಯಲ್ಲೂ ಸಿಗುತ್ತದೆ; ಆದರೆ 8ಬಿ ಬೇಕೆಂದು ಕೇಳಿದಾಗ, “ಎಂಟನೇ ಕ್ಲಾಸು ಬಿ ಸೆಕ್ಷನ್ನಾ ಸಾರ್? ಯಾವ ಸಬ್ಜೆಕ್ಟು?” ಎಂದು ಅಂಗಡಿಯವರು ನೋಟ್‌ಬುಕ್ಕಿನ ಕಟ್ಟಿಗೆ ಕೈಹಾಕುವುದುಂಟು. ಆಮೇಲೆ ಕಾಗದದ ಸರದಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರು ಕಾಗದ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕ. ತೂಕ ಏರಿದಂತೆ ಬೆಲೆಯೂ, ಬೆಲೆ ಏರಿದಂತೆ ಅದರ ಮೇಲೆ ಗೆರೆ ಎಳೆಯುವ ಭಯವೂ ಏರುತ್ತವೆ. ಹೀಗಾಗಿ ಅತ್ಯುತ್ತಮ ಸ್ಕೆಚ್ ಪುಸ್ತಕದ ಮೊದಲ ಪುಟವು ವರ್ಷಗಟ್ಟಲೆ ನಿಷ್ಕಳಂಕವಾಗಿ ಉಳಿಯುತ್ತದೆ, ಹವ್ಯಾಸಿಯ ನಿಜವಾದ ಕೃತಿಗಳು ಪಡಿತರದ ರಸೀತಿ, ಮದುವೆಯ ಕರೆಯೋಲೆ, ಬ್ಯಾಂಕಿನ ಚಲನ್ನುಗಳ ಬೆನ್ನ ಮೇಲೆ ಜನ್ಮ ತಾಳುತ್ತವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕಾಡಿಗೆಯನ್ನು ಅನ್ನದೊಡನೆ ಅರೆದು, ಬತ್ತಿಯಾಗಿ ಹೊಸೆದು, ಚಿತ್ರದ ಮೊದಲ ಗೆರೆಗಳಿಗೆ ಬೇಕಾದ ವರ್ತಿಕೆಯನ್ನು ಮಾಡಿಕೊಳ್ಳುವ ಕ್ರಮ ಬರುತ್ತದೆ. ಚಕ್ರವರ್ತಿಗೇ ಕಾಡಿಗೆ ಮತ್ತು ಅನ್ನ ಸಾಕಾಗಿದ್ದವು. ಅವನ ಕಾಲದಲ್ಲಿ ಪಾರ್ಸೆಲ್ಲನ್ನು ಮನೆಬಾಗಿಲಿಗೆ ತರುವ ವ್ಯವಸ್ಥೆ ಇರಲಿಲ್ಲವೆಂಬುದನ್ನೂ ನೆನಪಿಡಬೇಕು.

ಎರಡನೆಯ ಹಂತ ವೀಕ್ಷಣೆ. ಮೊಬೈಲಿನಲ್ಲಿ ಬೇರೆಯವರು ಚಿತ್ರ ಬರೆಯುವುದನ್ನು ನೋಡುವುದೇ ಇದರ ಸ್ವರೂಪ. ಹತ್ತು ನಿಮಿಷದಲ್ಲಿ ಕಣ್ಣು ಬರೆಯುವ ಬಗೆ, ಐದು ನಿಮಿಷದಲ್ಲಿ ಮೂಗು ಬರೆಯುವ ಬಗೆ ಎಂದು ನೋಡುತ್ತಾ ಅರ್ಧ ಗಂಟೆ ಮುಗಿದಾಗ ಊಟಕ್ಕೆ ಕರೆ ಬರುತ್ತದೆ, ಕಲಿತೆವೆಂಬ ತೃಪ್ತಿಯೂ ಬಂದಿರುತ್ತದೆ. ಈ ಹಂತದ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಮೂರನೆಯ ಹಂತದಲ್ಲಿ, ಎಂದರೆ ಪೆನ್ಸಿಲ್ಲು ಕಾಗದವನ್ನು ನಿಜವಾಗಿಯೂ ಮುಟ್ಟಿದಾಗ, ಒಂದು ವಿಚಿತ್ರ ಸಂಗತಿ ಹೊರಬೀಳುತ್ತದೆ. ಈ ನಾಲ್ಕು ತಾಲ್ಲೂಕುಗಳು ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿದ್ದರೂ, ಡ್ರಾಯಿಂಗ್ ಪೀರಿಯಡ್ಡಿನ ವಿಷಯದಲ್ಲಿ ನಾಡಿನ ಉಳಿದ ಕಡೆಗಿಂತ ಪ್ರತ್ಯೇಕವೇನಲ್ಲ. ಡ್ರಾಯಿಂಗ್ ಮೇಷ್ಟ್ರು ಇದ್ದ ಕಡೆ ಆ ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ಪರೀಕ್ಷೆ ಹತ್ತಿರವಾಯಿತೆಂದು ಕೇಳಿ ಪಡೆಯುತ್ತಿದ್ದರು, ಇಲ್ಲದ ಕಡೆ ಕೇಳದೆಯೇ ಪಡೆಯುತ್ತಿದ್ದರು. ಹಾಗೆ ಉಳಿದ ಕೆಲವೇ ಪೀರಿಯಡ್ಡುಗಳಲ್ಲಿ ಎಲ್ಲರೂ ಕಲಿತದ್ದು ‘ಪ್ರಕೃತಿ ದೃಶ್ಯ’ ಎಂಬ ಒಂದೇ ಚಿತ್ರ: ತ್ರಿಕೋನಾಕಾರದ ಎರಡು ಬೆಟ್ಟ, ಅವುಗಳ ಸಂದಿನಿಂದ ಎದ್ದ ಅರೆಸೂರ್ಯ, ಸ್ಕೇಲಿನಿಂದ ಎಳೆದ ಕಿರಣಗಳು, ಬೆಟ್ಟದ ಬುಡದಿಂದ ಹೊರಟು ಕಾಗದದ ಅಂಚಿಗೆ ಬರುವಷ್ಟರಲ್ಲಿ ಹತ್ತು ಪಟ್ಟು ಅಗಲವಾಗುವ ನೀಲಿ ಹೊಳೆ, ದಡದಲ್ಲೊಂದು ಗುಡಿಸಲು, ಪಕ್ಕಕ್ಕೆ ವಾಲಿದ ತೆಂಗಿನ ಮರ, ಆಕಾಶದಲ್ಲಿ ಎರಡೆರಡು ಕೊಂಕುಗೆರೆಗಳಲ್ಲಿ ಮುಗಿದ ಹಕ್ಕಿಗಳು. ವರ್ಷದ ಬಹುಪಾಲು ಮರಳು ಕಾಣುವ ಹೊಳೆಯ ದಡದಲ್ಲಿ ಹುಟ್ಟಿ ಬೆಳೆದವರೂ ಹೊಳೆಗೆ ನೀಲಿಯನ್ನೇ ಬಳಿದರು. ಪರೀಕ್ಷಕರೂ ಅದಕ್ಕೆ ಅಂಕ ಕೊಟ್ಟರು.

ಇಂಥ ತರಬೇತಿ ಪಡೆದವರು ಮೂವತ್ತು ವರ್ಷಗಳ ಮೇಲೆ ಒಂದು ಭಾನುವಾರ ಮಧುಗಿರಿಯ ಬೆಟ್ಟದೆದುರು ಕೂತಾಗ ನಡೆಯುವ ಘರ್ಷಣೆ ಅಧ್ಯಯನಯೋಗ್ಯವಾದದ್ದು. ಆ ಬೆಟ್ಟ ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಸಮುದ್ರಮಟ್ಟದಿಂದ 1,193 ಮೀಟರು ಎತ್ತರಕ್ಕೆ, ಊರಿನ ಹೆಂಚುಗಳ ಹಿಂದಿನಿಂದಲೇ ಎದ್ದು ನಿಂತಿರುವ ಒಂದೇ ಬಂಡೆ. ಅದಕ್ಕೆ ಎರಡನೆಯ ಬೆಟ್ಟದ ಜೊತೆಯಿಲ್ಲ, ತ್ರಿಕೋನದ ಚೂಪಿಲ್ಲ, ಸೂರ್ಯ ಹುಟ್ಟಲು ಸಂದೂ ಇಲ್ಲ. ಹವ್ಯಾಸಿ ತಲೆಯೆತ್ತಿ ಬೆಟ್ಟವನ್ನು ಒಂದು ಸಲ ನೋಡಿ, ತಲೆತಗ್ಗಿಸಿ ಹತ್ತು ನಿಮಿಷ ಬರೆದು, ಮತ್ತೆ ತಲೆಯೆತ್ತುವ ಹೊತ್ತಿಗೆ ಕಾಗದದ ಮೇಲೆ ಎರಡು ತ್ರಿಕೋನಗಳು ಬಂದು ಕೂತಿರುತ್ತವೆ. ಸೂರ್ಯ ಬೆನ್ನಿಗೆ ಸುಡುತ್ತಿದ್ದರೂ ಚಿತ್ರದಲ್ಲಿ ಎದುರಿಗೆ ಹುಟ್ಟಿರುತ್ತಾನೆ. ಇದರ ಕಾರಣವನ್ನು ಚಿತ್ರಶಿಕ್ಷಣದ ಪಂಡಿತರು ವಿವರಿಸಿದ್ದಾರೆ: ಮನಸ್ಸು ಪ್ರತಿಯೊಂದು ವಸ್ತುವಿಗೂ ಒಂದು ಸಂಕೇತವನ್ನು, ಎಂದರೆ ಗುರುತಿಗೆ ಸಾಕಾಗುವ ಸಿದ್ಧ ಆಕಾರವನ್ನು, ಚಿಕ್ಕಂದಿನಲ್ಲೇ ಮಾಡಿಟ್ಟುಕೊಂಡಿರುತ್ತದೆ, ಮತ್ತು ಕೈಗೆ ಆಜ್ಞೆ ಕೊಡುವಾಗ ಕಣ್ಣಿನ ವರದಿಗೆ ಕಾಯದೆ ಆ ಸಂಕೇತವನ್ನೇ ಕೊಟ್ಟುಬಿಡುತ್ತದೆ. ಸ್ಥಳಪರಿಶೀಲನೆ ಮಾಡದೆ ಹಳೆಯ ಫೈಲನ್ನೇ ನೋಡಿ ಸಹಿ ಹಾಕುವ ಪದ್ಧತಿ ಕಚೇರಿಗಳಲ್ಲಿ ಮಾತ್ರ ಇದೆ ಎಂದು ತಿಳಿದಿದ್ದವರಿಗೆ ಇದು ಹೊಸ ಸಂಗತಿ.

ಫೈಲನ್ನು ಬದಿಗಿಟ್ಟು ಬಂಡೆಯನ್ನು ನೋಡಿದರೆ ಅಲ್ಲಿರುವುದು ಬೇರೆಯೇ. ಬೂದು ಎಂದುಕೊಂಡದ್ದು ಬೂದಲ್ಲ. ಮಳೆನೀರು ಇಳಿದ ದಾರಿಗಳಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆಗಳು, ಅವುಗಳ ನಡುವೆ ಕಂದು, ಬಿಸಿಲು ನೇರ ಬಿದ್ದಲ್ಲಿ ಕಾಗದದಷ್ಟೇ ಬಿಳುಪು. ಕೋಟೆಯ ಗೋಡೆ ಬಂಡೆಯ ಮೈಮೇಲೆ ಹತ್ತುವಾಗ ಎಲ್ಲೂ ನೇರವಾಗಿ ಹೋಗದೆ ಬಂಡೆ ಬಗ್ಗಿದಲ್ಲಿ ಬಗ್ಗುತ್ತದೆ, ಉಬ್ಬಿದಲ್ಲಿ ಉಬ್ಬುತ್ತದೆ. ಆ ಒಂದು ಗೆರೆಯನ್ನು ಸರಿಯಾಗಿ ಹಿಡಿದರೆ ಬೆಟ್ಟದ ಉಬ್ಬುತಗ್ಗೆಲ್ಲ ತಾನಾಗಿ ಬಂದುಬಿಡುತ್ತದೆ, ಬೇರೆ ನೆರಳು ತುಂಬುವ ಅಗತ್ಯವೇ ಬೀಳುವುದಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಇದು ಮುಗಿಯುವುದಿಲ್ಲವಾದ್ದರಿಂದ ಚಿತ್ರ ಕಂತಿನ ಮೇಲೆ ಸಾಗುತ್ತದೆ. ಒಂದು ಕಂತು ಭಾನುವಾರ ಬೆಳಿಗ್ಗೆ, ಇನ್ನೊಂದು ಮರುವಾರ ಸಂಜೆ. ಪರಿಣಾಮವಾಗಿ ಬೆಟ್ಟದ ನೆರಳು ಪಡುವಣಕ್ಕೂ ಬುಡದ ಮನೆಗಳ ನೆರಳು ಮೂಡಣಕ್ಕೂ ಬಿದ್ದು, ಎರಡು ಸೂರ್ಯರಿರುವ ಒಂದು ಲೋಕ ಸೃಷ್ಟಿಯಾಗುತ್ತದೆ. ಖಗೋಳಶಾಸ್ತ್ರಜ್ಞರು ಇಂಥ ಲೋಕಗಳು ಇವೆಯೆಂದೇ ಹೇಳುತ್ತಾರೆ.

ಪ್ರಮಾಣದ ಸಮಸ್ಯೆ ಇದಕ್ಕಿಂತ ಸಾರ್ವಜನಿಕವಾದದ್ದು. ದೂರದ ವಸ್ತುಗಳ ಎತ್ತರ-ಅಗಲಗಳನ್ನು ಒಂದಕ್ಕೊಂದು ಹೋಲಿಸಿ ತಿಳಿಯಲು ಚಿತ್ರಕಾರರು ತೋಳನ್ನು ಪೂರ್ತಿ ಚಾಚಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ತುದಿಗೂ ಹೆಬ್ಬೆರಳಿಗೂ ನಡುವೆ ಆ ವಸ್ತುವನ್ನು ಅಳೆಯುತ್ತಾರೆ. ಲಲಿತಕಲಾ ವಿದ್ಯಾಲಯದ ಅಂಗಳದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಪಾವಗಡ ಕಡೆಯ ಹೊಲದ ಬದುವಿನ ಮೇಲೆ ನಿಂತು ಮಾಡಿದರೆ ಐದು ನಿಮಿಷದಲ್ಲಿ ಜನ ಸೇರುತ್ತಾರೆ. “ಸರ್ವೆಗೆ ಬಂದಿದೀರಾ ಸಾರ್? ರೋಡಾ, ಸೋಲಾರಾ?” ಎಂಬುದು ಮೊದಲ ಪ್ರಶ್ನೆ, “ನಮ್ಮೊಲಾನೂ ಹೋಯ್ತೈತಾ?” ಎಂಬುದು ಎರಡನೆಯದು. ಇಲ್ಲ, ಸುಮ್ಮನೆ ಚಿತ್ರ ಬರೆಯುತ್ತಿರುವುದೆಂದು ಹೇಳಿದರೆ ಯಾರೂ ನಂಬುವುದಿಲ್ಲ, ನಂಬದಿರುವುದರಲ್ಲಿ ನ್ಯಾಯವೂ ಇದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ 13,000 ಎಕರೆಯಷ್ಟು ನೆಲ ಗುತ್ತಿಗೆಯ ಮೇಲೆ ಸೌರ ವಿದ್ಯುತ್ ಪಾರ್ಕಾಗುವ ಮುಂಚೆಯೂ ಅಳೆಯುವವರು ಬಂದೇ ಬಂದಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1790ರ ದಶಕದಲ್ಲಿ ಮೈಸೂರು ಸೀಮೆಯ ಗಿರಿದುರ್ಗಗಳ ಅಂದವಾದ ಚಿತ್ರಸಂಪುಟಗಳನ್ನು ಪ್ರಕಟಿಸಿದ ರಾಬರ್ಟ್ ಕೋಲ್‌ಬ್ರೂಕ್, ಅಲೆಕ್ಸಾಂಡರ್ ಅಲನ್ ಮುಂತಾದವರು ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಸೇನೆಯ ಅಧಿಕಾರಿಗಳೇ ಆಗಿದ್ದರು. ಮುತ್ತಿಗೆಗಳ ನಡುವಿನ ಬಿಡುವಿನಲ್ಲಿ ಬರೆಯುತ್ತಿದ್ದ ಅವರೂ ಒಂದರ್ಥದಲ್ಲಿ ವೇಳೆಯಿಲ್ಲದ ಹವ್ಯಾಸಿಗಳೇ ಎನ್ನಬಹುದು. ಬೆಟ್ಟವನ್ನು ನೋಡಿ ಬರೆದುಕೊಳ್ಳುವವರ ಜೊತೆಗೆ ತೋಪೂ ಬಂದ ಚರಿತ್ರೆ ಇರುವ ನಾಡಿನಲ್ಲಿ ಪೆನ್ಸಿಲ್ಲು ಹಿಡಿದವರನ್ನು ಒಂದು ಮಾತು ವಿಚಾರಿಸುವುದು ತಪ್ಪಲ್ಲ.

ಸೌರ ಪಾರ್ಕಿನಿಂದ ಚಿತ್ರಕಲೆಗೆ ಆಗಿರುವ ಉಪಕಾರವನ್ನು ಮಾತ್ರ ಇದುವರೆಗೆ ಯಾರೂ ದಾಖಲಿಸಿಲ್ಲ. ಪರ್ಸ್‌ಪೆಕ್ಟಿವ್ ಎಂದರೆ ದೂರ ಹೋದಂತೆ ವಸ್ತುಗಳು ಕುಗ್ಗುತ್ತಾ, ಸಮಾನಾಂತರ ರೇಖೆಗಳು ಕಣ್ಣಿನ ಮಟ್ಟದಲ್ಲಿರುವ ಒಂದು ಬಿಂದುವಿನಲ್ಲಿ ಸೇರಿದಂತೆ ಕಾಣುವ ನಿಯಮ. ಹುಣಸೆಮರ, ಗುಂಡುಕಲ್ಲು, ಹುರುಳಿ ಹೊಲಗಳ ಈ ಸೀಮೆಯಲ್ಲಿ ಮೊದಲು ಅದನ್ನು ತೋರಿಸಬಲ್ಲ ಒಂದು ನೇರ ಗೆರೆ ಸಿಗುವುದೇ ಕಷ್ಟವಾಗಿತ್ತು. ಈಗ 2,050 ಮೆಗಾವ್ಯಾಟ್ ಸಾಮರ್ಥ್ಯದ ಫಲಕಗಳು ಸಾಲುಸಾಲಾಗಿ ದಿಗಂತದ ಆ ಬಿಂದುವಿಗೇ ನಡೆದುಹೋಗುತ್ತವೆ. ಶಿರಾದಲ್ಲಿ ಪಾಠ ಬೇರೆ. ಬಿಜಾಪುರದ ಆಳ್ವಿಕೆಯಲ್ಲಿ ಶಿರಾದ ಸುಬೇದಾರನಾಗಿ 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ಗೋರಿಗುಮ್ಮಟವಾಗಲಿ, 1696ರಲ್ಲಿ ಮುಗಿದ ಕಲ್ಲಿನ ಜುಮ್ಮಾ ಮಸೀದಿಯ ಕಮಾನುಗಳಾಗಲಿ ಎಡ-ಬಲ ಒಂದೇ ಸಮನಾಗಿ ಬಾಗಿದ ಗೆರೆಗಳನ್ನು ಬೇಡುತ್ತವೆ, ಮತ್ತು ಬಲಗೈ ಬಳಸುವವರಿಗೆ ಬಲಗಡೆಯ ಬಾಗು ಯಾವಾಗಲೂ ಸ್ವಲ್ಪ ಜಾರುತ್ತದೆ. ಮುನ್ನೂರೈವತ್ತು ವರ್ಷಗಳಿಗೂ ಮೀರಿ ಅಲುಗದೆ ನಿಂತ ಗುಮ್ಮಟ ಹವ್ಯಾಸಿಯ ಪುಸ್ತಕದಲ್ಲಿ ಮಾತ್ರ ದುರಸ್ತಿಗೆ ಬಂದಿರುತ್ತದೆ.

ಅಲುಗದ ಕಲ್ಲೇ ಹೀಗಾದರೆ ಅಲುಗುವ ಪ್ರಾಣಿಯ ಮಾತೇನು? ಜಸ್ಚರ್ ಡ್ರಾಯಿಂಗ್ ಎಂಬುದೊಂದು ಅಭ್ಯಾಸವಿದೆ. ಅಂಗಾಂಗಗಳ ವಿವರಕ್ಕೆ ಹೋಗದೆ, ಮೈಯ ಒಟ್ಟು ಚಲನೆಯನ್ನು ಅರ್ಧ ನಿಮಿಷ, ಒಂದು ನಿಮಿಷದೊಳಗೆ ನಾಲ್ಕಾರು ಗೆರೆಗಳಲ್ಲಿ ಹಿಡಿಯುವುದು ಅದರ ಗುರಿ. ವೇಳೆಯಿಲ್ಲದವರಿಗೆಂದೇ ಮಾಡಿದಂತಿರುವ ಈ ಅಭ್ಯಾಸಕ್ಕೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಪ್ರಶಸ್ತವಾದದ್ದೆಂದು ತೋರಬಹುದು, ಆದರೆ ಗಂಟೆಗೆ 80 ಕಿ.ಮೀ. ಸಮೀಪದ ವೇಗದಲ್ಲಿ ಓಡಬಲ್ಲ ಕೃಷ್ಣಮೃಗವು ಅರ್ಧ ನಿಮಿಷದಲ್ಲಿ ಅರ್ಧ ಕಿಲೋಮೀಟರಿಗೂ ಆಚೆ ಇರುತ್ತದೆಂಬುದನ್ನು ಲೆಕ್ಕ ಹಾಕಿಕೊಂಡು ಹೋಗುವುದೊಳ್ಳೆಯದು. ಅಲ್ಲಿಂದ ತಂದ ಚಿತ್ರಗಳಲ್ಲಿ ಹುಲ್ಲು ಚೆನ್ನಾಗಿ ಬಂದಿರುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಈ ದೃಷ್ಟಿಯಿಂದ ಹೆಚ್ಚು ಸಹಕಾರಿಗಳು, ಮೊಟ್ಟೆಯ ಮೇಲೆ ಕೂತ ಹಕ್ಕಿ ಎಲ್ಲಿಗೂ ಹೋಗುವಂತಿಲ್ಲ. ಅಷ್ಟು ದೂರ ಹೋಗಲಾರದವರಿಗೆ ಮನೆಯ ಹಿತ್ತಿಲಿನ ಕಾಗೆಯಿದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್ ಜೀವನವಿಡೀ ಕಾಗೆಗಳನ್ನು ಬರೆದರು. ಅವರಿಗೆ ಬೇಕಾದ ಪ್ರತಿಭೆ ಇಲ್ಲವೆಂದು ಮುಂಬೈಯ ಪ್ರಸಿದ್ಧ ಕಲಾಶಾಲೆ ಪ್ರವೇಶ ನಿರಾಕರಿಸಿದ್ದು ಎಲ್ಲರಿಗೂ ತಿಳಿದ ಕಥೆ. ಪ್ರತಿಯೊಬ್ಬ ಹವ್ಯಾಸಿಯೂ ಈ ಕಥೆಯನ್ನು ಬಾಯಿಪಾಠ ಮಾಡಿರುತ್ತಾನೆ, ನಿರಾಕರಣೆಯ ಭಾಗವನ್ನು ಹೆಚ್ಚು ಸ್ಪಷ್ಟವಾಗಿ. ಚಲಿಸುವ ವಸ್ತುವಿನ ಬದಲು ಚಿತ್ರಕಾರನೇ ಚಲಿಸುವ ಪ್ರಸಂಗವೂ ಇದೆ: ಕೊರಟಗೆರೆಯಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ ಸಹಪ್ರಯಾಣಿಕರ ಮುಖ ಬರೆಯಲು ಹೊರಟರೆ ಮುಖ ಬಾರದಿದ್ದರೂ ಆ ರಸ್ತೆಯ ಹಂಪುಗಳ ನಿಖರವಾದ ದಾಖಲೆಯಂತೂ ಸಿಗುತ್ತದೆ.

ಸಾದೃಶ್ಯದ ಪರೀಕ್ಷೆ ನಡೆಯುವುದು ಮನೆಯೊಳಗೆ. ಮಗಳನ್ನು ಎದುರಿಗೆ ಕೂರಿಸಿಕೊಂಡು ಬರೆದ ಮುಖವನ್ನು ನೋಡಿ ಅಜ್ಜಿ, “ಥೇಟು ನಮ್ಮ ದೊಡ್ಡಣ್ಣಯ್ಯ ಇದ್ದಂಗೈತೆ” ಎಂದರೆ ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ; ಹೋಲಿಕೆ ಬಂದಿದೆ, ವಂಶದಲ್ಲೇ ಬಂದಿದೆ, ವ್ಯಕ್ತಿ ಮಾತ್ರ ತಪ್ಪಿದೆ. ಇದನ್ನು ತಿದ್ದಿಕೊಳ್ಳಲು ಅಮೆರಿಕದ ಬೆಟ್ಟಿ ಎಡ್ವರ್ಡ್ಸ್ ಎಂಬ ಶಿಕ್ಷಕಿ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಉಪಾಯ ಹೇಳಿದ್ದಾರೆ: ಯಾವುದಾದರೂ ಚಿತ್ರವನ್ನು ತಲೆಕೆಳಗಾಗಿಟ್ಟು ನಕಲು ಮಾಡಬೇಕು, ಆಗ ಇದು ಮೂಗು, ಇದು ಕಿವಿ ಎಂದು ಗುರುತಿಸಲಾರದೆ ಮನಸ್ಸು ಸುಮ್ಮನಾಗಿ, ಗೆರೆ ಎಲ್ಲಿ ಬಾಗಿದೆಯೋ ಅಲ್ಲಿ ಕೈ ಬಾಗುತ್ತದೆ. ಉಪಾಯ ಫಲಿಸುತ್ತದೆ. ಆದರೆ ವೃತ್ತಪತ್ರಿಕೆಯನ್ನು ತಿರುಗುಮುರುಗಾಗಿ ಹಿಡಿದು ಅರ್ಧ ಗಂಟೆ ಕಣ್ಣು ಕಿರಿದು ಮಾಡಿ ಕೂತ ಯಜಮಾನರನ್ನು ಕಂಡು, “ಏನ್ರೀ, ಕನ್ನಡಕದ ನಂಬರು ಬದಲಾಯ್ತಾ?” ಎಂದು ಮನೆಯಾಕೆ ಕೇಳದಿರುವಂತೆ ಮಾಡುವ ಉಪಾಯ ಆ ಪುಸ್ತಕದಲ್ಲಿಲ್ಲ.

ತಡವಾಗಿ ಆರಂಭಿಸಿದವರ ಪಟ್ಟಿಯೊಂದು ಹವ್ಯಾಸಿಗಳ ಬಳಿ ಸದಾ ಸಿದ್ಧವಿರುತ್ತದೆ. ಚರ್ಚಿಲ್ 1915ರಲ್ಲಿ, 40ರ ವಯಸ್ಸಿನಲ್ಲಿ ಕುಂಚ ಹಿಡಿದರು. ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಚಿತ್ತಾರವಾಗಿಸುತ್ತಾ ಅರವತ್ತು ದಾಟಿದ ಮೇಲೆ ಚಿತ್ರಕಾರರಾಗಿ, 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಮಾಡಿದರು. ಜಪಾನಿನ ಹೊಕುಸಾಯ್ ತನ್ನ 75ರ ಸುಮಾರಿನಲ್ಲಿ, ಎಪ್ಪತ್ತಕ್ಕೆ ಮೊದಲು ಬರೆದದ್ದೆಲ್ಲ ಲೆಕ್ಕಕ್ಕಿಲ್ಲವೆಂದೂ 110 ತಲುಪಿದರೆ ಪ್ರತಿ ಚುಕ್ಕಿಗೂ ಜೀವ ಬಂದೀತೆಂದೂ ಬರೆದುಕೊಂಡ. ಕರ್ನಾಟಕದ ಸರ್ಕಾರಿ ನೌಕರರಿಗೆ 60ಕ್ಕೆ ನಿವೃತ್ತಿಯಾಗುವುದರಿಂದ ಹೊಕುಸಾಯ್‌ನ ಲೆಕ್ಕದಲ್ಲಿ ಇನ್ನೂ ಐವತ್ತು ವರ್ಷ ಅವಕಾಶವಿದೆಯೆಂಬುದು ಅವರ ಸಮಾಧಾನ. ಇದಕ್ಕೆ ವಿರುದ್ಧವಾದ ದಾರಿ ತಪ್ಪಿಸುವ ಉದಾಹರಣೆಯೆಂದರೆ, ವೇದಿಕೆಯ ಮೇಲೆ ಹಾಡು ಮುಗಿಯುವುದರೊಳಗೆ ಬೆರಳು, ಉಗುರುಗಳಿಂದಲೇ ಚಿತ್ರ ಮುಗಿಸುತ್ತಿದ್ದ ಬಿ. ಕೆ. ಎಸ್. ವರ್ಮಾ ಅವರದು; ಅದನ್ನು ನೋಡಿ ಚಿತ್ರಕ್ಕೆ ಹಿಡಿಯುವುದು ಐದೇ ನಿಮಿಷವೆಂದು ತಿಳಿದವರು ತಮ್ಮ ಅರ್ಧ ಗಂಟೆಯಲ್ಲಿ ಆರು ಚಿತ್ರ ಬರೆದುಬಿಡುವ ಯೋಜನೆ ಹಾಕಿಕೊಂಡಿದ್ದಾರೆ.

ಇಷ್ಟೆಲ್ಲ ದೂರದ ಉದಾಹರಣೆಗಳನ್ನು ಹುಡುಕುವ ಹವ್ಯಾಸಿ ಬೆಳಿಗ್ಗೆ ಹಾಲಿಗೆ ಹೋಗುವಾಗ ತನ್ನ ಹೊಸ್ತಿಲ ಮುಂದಿನದನ್ನು ದಾಟಿಕೊಂಡೇ ಹೋಗಿರುತ್ತಾನೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವರ ಕೈಯನ್ನು ಹತ್ತಿರದಿಂದ ನೋಡಬೇಕು. ಹೆಬ್ಬೆರಳು, ತೋರುಬೆರಳುಗಳ ನಡುವಿನಿಂದ ಪುಡಿ ಒಂದೇ ದಪ್ಪಕ್ಕೆ ಇಳಿಯುತ್ತಿರುತ್ತದೆ. ಮಣಿಕಟ್ಟು ನೆಲಕ್ಕೆ ತಾಗುವುದಿಲ್ಲ, ಗೆರೆ ಬಾಗುವಾಗ ಬೆರಳಲ್ಲ, ಇಡೀ ತೋಳು ಭುಜದಿಂದ ಚಲಿಸುತ್ತದೆ. ಉದ್ದನೆಯ ಗೆರೆಯನ್ನು ಬೆರಳಿನಿಂದಲ್ಲ, ಭುಜದಿಂದ ಎಳೆಯಬೇಕೆಂದು ಕಲಾಶಾಲೆಗಳಲ್ಲಿ ಮೊದಲ ವರ್ಷ ಹೇಳಿಕೊಡುವುದು ಇದನ್ನೇ. ನಡುವಿನ ಸಾಲಿನಲ್ಲಿ 15 ಚುಕ್ಕಿಯಿಟ್ಟು ಎರಡು ಕಡೆಗೂ ಒಂದೊಂದು ಕಡಿಮೆ ಮಾಡುತ್ತಾ 8ಕ್ಕೆ ಇಳಿಸಿದರೆ ಒಟ್ಟು 169 ಚುಕ್ಕಿಗಳಾಗುತ್ತವೆ. ಅಷ್ಟನ್ನೂ ಸ್ಕೇಲಿಲ್ಲದೆ ಸಮದೂರದಲ್ಲಿಟ್ಟು, ಒಂದನ್ನೂ ಬಿಡದೆ ಬಳಸಿ, ಹೊರಟಲ್ಲಿಗೇ ಬಂದು ಸೇರುವ ಎಳೆಯನ್ನು ಅವರು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಸಿ ಒಳಗೆ ಹೋಗುತ್ತಾರೆ. ಜಿಎಸ್‌ಎಂ ಇಲ್ಲ, ರಬ್ಬರಿಲ್ಲ, ಮೊದಲ ಪುಟದ ಭಯವಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅದರ ಮೇಲೆ ಬೈಕು ಹಾದುಹೋದರೆ ಕಲಾವಿದೆಗೆ ಬೇಸರವೂ ಇಲ್ಲ, ಏಕೆಂದರೆ ನಾಳೆ ಮತ್ತೆ ಬರೆಯಲಿಕ್ಕಿದೆ. ಅವರನ್ನು ಹವ್ಯಾಸಿಯೆಂದು ಯಾರೂ ಕರೆಯುವುದಿಲ್ಲ. ಬಿಡುವಿನ ಕೊರತೆಯ ಬಗ್ಗೆ ಮಾತಾಡುವ ಹಕ್ಕು ಈ ಸೀಮೆಯಲ್ಲಿ ಯಾರಿಗಾದರೂ ಇದ್ದರೆ ಅದು ಮೊದಲು ಅವರದೇ ಎಂಬುದು ಪ್ರಸ್ತುತ ಲೇಖಕರ ಖಚಿತ ಅಭಿಪ್ರಾಯ.

ಹಾಗೆ ನೋಡಿದರೆ ಅರ್ಧ ಗಂಟೆ ಸಣ್ಣ ಆಸ್ತಿಯೇನಲ್ಲ. 1941ರಲ್ಲಿ ಪ್ರಕಟವಾದ, ಇಂದಿಗೂ ಚಿತ್ರ ಕಲಿಯುವವರು ಭಯಭಕ್ತಿಗಳಿಂದ ಹೆಸರಿಸುವ ಕಿಮೊನ್ ನಿಕೊಲೈಡಿಸ್‌ನ ಪುಸ್ತಕ ಅಭ್ಯಾಸಿಯಿಂದ ಒಟ್ಟು 375 ಗಂಟೆಗಳನ್ನು ಕೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಕೊಟ್ಟರೆ ಎರಡು ವರ್ಷ ಮೂರು ವಾರಕ್ಕೆ ಸಾಲ ತೀರುತ್ತದೆ. ಪೆನ್ಸಿಲ್ಲಿನ ಅಂಗಡಿ, ಮೊಬೈಲಿನ ಪಾಠ, ತಡವಾಗಿ ಆರಂಭಿಸಿದವರ ಪಟ್ಟಿ, ಈ ಮೂರನ್ನು ಬಿಟ್ಟರೆ ಸಾಕು. ವಸ್ತುವಿಗಾಗಿ ಬೆಟ್ಟ ಹತ್ತಬೇಕಾಗಿಯೂ ಇಲ್ಲ. ಪಾವಗಡ, ಶಿರಾ, ಮಧುಗಿರಿಗಳ ಕೆಂಪು ನೆಲದಲ್ಲಿ ಬೆಳೆಯುವ ಕಡ್ಲೆಕಾಯಿಯೊಂದನ್ನು ಬಿಳಿ ಕಾಗದದ ಮೇಲಿಟ್ಟು ದೀಪವನ್ನು ಒಂದು ಪಕ್ಕಕ್ಕೆ ಸರಿಸಿದರೆ ಬೇಕಾದ ಪಾಠವೆಲ್ಲ ಅಲ್ಲಿದೆ: ಎರಡು ಬೀಜಗಳ ನಡುವೆ ಒಳಸರಿದ ಸೊಂಟ, ಒಂದು ತುದಿಯಲ್ಲಿ ಕೊಂಕಿದ ಮೂತಿ, ಇನ್ನೊಂದು ತುದಿಯಲ್ಲಿ ಬಳ್ಳಿಯಿಂದ ಕಿತ್ತ ಗುರುತು, ಸಿಪ್ಪೆಯ ಉದ್ದಕ್ಕೂ ಓಡುವ ಏಣುಗಳು, ಅವುಗಳನ್ನು ಅಡ್ಡಡ್ಡ ಜೋಡಿಸುವ ಸಣ್ಣ ಗೆರೆಗಳ ಬಲೆ, ಬೆಳಕಿನ ಕಡೆ ಆ ಬಲೆ ಮಾಯವಾಗಿ ನೆರಳಿನ ಕಡೆ ಮಾತ್ರ ಉಳಿಯುವ ಬಗೆ. ಕುಂಬಳಕಾಯಿ ಬರೆದಷ್ಟೇ ಹೊತ್ತು ಇದಕ್ಕೂ ಹಿಡಿಯುತ್ತದೆ. ಚಿತ್ರ ಕೆಟ್ಟರೆ ಮಾದರಿಯನ್ನು ತಿಂದು, ಬಟ್ಟಲಿನಿಂದ ಇನ್ನೊಂದನ್ನು ತೆಗೆದುಕೊಳ್ಳಬಹುದು. ಬಟ್ಟಲು ಬರಿದಾದ ಮೇಲೆ ಸಿಪ್ಪೆಗಳನ್ನು ಬರೆಯಬಹುದು.

ಕೊನೆಯದಾಗಿ ಪ್ರೇಕ್ಷಕರ ವಿಷಯ. ರಾಯಚರ್ಲು ಸೀಮೆಯ ಜನ ಚಿತ್ರ ಬರೆಯುವವರಿಗೆ ಕುರ್ಚಿ ತಂದು ಕೊಡುತ್ತಾರೆ, ಟೀ ತರಿಸುತ್ತಾರೆ, ರಬ್ಬರು ಬಿದ್ದರೆ ಎತ್ತಿಕೊಡುತ್ತಾರೆ, ಗೋಪುರಕ್ಕೆ ಇನ್ನೂ ಒಂದು ಕಳಶ ಬೇಕಾಗಿತ್ತೆಂದು ತಿಳಿಸುತ್ತಾರೆ. ಇದಕ್ಕೆಲ್ಲ ಹವ್ಯಾಸಿಗಳು ಕೃತಜ್ಞರಾಗಿರಬೇಕು. ಹಿಂದೆ ಎಷ್ಟು ಜನ ನಿಂತು ನೋಡಿದರೂ, ಎಷ್ಟು ಸಲಹೆ ಕೊಟ್ಟರೂ ಅಭ್ಯಂತರವಿಲ್ಲ. ಬರೆಯುತ್ತಿರುವುದು ಏನೆಂದು ಚೆನ್ನಾಗಿ ಕಾಣಲೆಂದು ಎದುರಿಗೆ ಬಂದು ಬೆಟ್ಟಕ್ಕೂ ಪುಸ್ತಕಕ್ಕೂ ನಡುವೆ ನಿಲ್ಲುವವರು ಮಾತ್ರ, ದಯವಿಟ್ಟು, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕೆಂದು ವಿನಂತಿ.